ಸ್ಕ್ರೀಮಿಂಗ್ ಲಾರ್ಡ್ ಸಚ್: ಮೂವತ್ತನಾಲ್ಕು ವರ್ಷ ನಿಂತರು, ಒಂದು ಠೇವಣಿಯೂ ಉಳಿಯಲಿಲ್ಲ

ಲೀಡ್ಸ್‌ವಾಸಿ

ಇಂಗ್ಲೆಂಡಿನಲ್ಲಿರುವ ನಮ್ಮವರಲ್ಲೇ ಎಷ್ಟೋ ಜನಕ್ಕೆ ಈ ವಿಷಯ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಗೆ ವೋಟು ಹಾಕಬಹುದು. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಇಲ್ಲಿ ನೆಲೆಸಿದ್ದರೆ ಪಟ್ಟಿಗೆ ಹೆಸರು ಸೇರಿಸುತ್ತಾರೆ. 2024ರ ಜುಲೈ 4ರಂದು ನಾನೂ ಹೋಗಿ ಹಾಕಿ ಬಂದೆ. ಬೆರಳಿಗೆ ಶಾಯಿ ಇಲ್ಲ, ಮೆಷಿನ್ ಇಲ್ಲ. ಒಂದು ಕಾಗದ, ದಾರ ಕಟ್ಟಿದ ಪೆನ್ಸಿಲು, ಬೇಕಾದವರ ಹೆಸರಿನ ಮುಂದೆ ಒಂದು ಕತ್ತರಿ ಗುರುತು. ಅಷ್ಟೇ.

ಮಾರನೇ ದಿನ ಆಫೀಸಿನಲ್ಲಿ ಇದೇ ಮಾತು ನಡೆದಿದ್ದಾಗ ರಾದರಮ್ ಊರಿನ ಹಿರಿಯ ಸಹೋದ್ಯೋಗಿಯೊಬ್ಬರು, ತಮ್ಮೂರಲ್ಲಿ 1994ರ ಉಪಚುನಾವಣೆಗೆ ಲಾರ್ಡ್ ಸಚ್‌ಗೆ ವೋಟು ಹಾಕಿದ್ದನ್ನು ಭಾರಿ ಹೆಮ್ಮೆಯಿಂದ ಹೇಳಿಕೊಂಡರು. ಆವತ್ತು ಆ ಮನುಷ್ಯನಿಗೆ ಬಿದ್ದದ್ದು 1,114 ವೋಟು, ಶೇಕಡಾ 4.2. ಅದೇ ಜೀವಮಾನದ ದೊಡ್ಡ ಸಾಧನೆ! ಶೇಕಡಾ 5 ಮುಟ್ಟಿದ್ದರೆ ಠೇವಣಿ ವಾಪಸ್ ಸಿಗುತ್ತಿತ್ತು, ಮುಟ್ಟಲಿಲ್ಲ.

ಯಾರಪ್ಪಾ ಇದು ಎಂದು ಹುಡುಕಿ ಓದುತ್ತಾ ಹೋದೆ. ಓದಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ನಿಜವಾದ ಹೆಸರು ಡೇವಿಡ್ ಎಡ್ವರ್ಡ್ ಸಚ್. ಹುಟ್ಟಿದ್ದು 1940ರ ನವೆಂಬರ್ 10, ಲಂಡನ್. ಅಪ್ಪ ಪೊಲೀಸ್, ಜರ್ಮನ್ನರ ಬಾಂಬ್ ದಾಳಿಯಲ್ಲಿ ಸತ್ತಾಗ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಮ್ಮ ಒಬ್ಬಳೇ ಸಾಕಿದಳು. ದೊಡ್ಡವನಾಗಿ ರಾಕ್ ಹಾಡುಗಾರನಾದ. ಮೊದಲ ಚುನಾವಣೆ 1963ರಲ್ಲಿ, ಸ್ಟ್ರಾಟ್‌ಫರ್ಡ್ ಕ್ಷೇತ್ರದ ಉಪಚುನಾವಣೆ. ಯುದ್ಧಖಾತೆ ಮಂತ್ರಿ ಪ್ರೊಫ್ಯೂಮೊ ಹೆಣ್ಣಿನ ವಿಚಾರದಲ್ಲಿ ಸದನಕ್ಕೆ ಸುಳ್ಳು ಹೇಳಿ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟಿದ್ದರಲ್ಲ, ಅದೇ ಸೀಟು. ಇಡೀ ದೇಶದ ಪತ್ರಕರ್ತರು ಅಲ್ಲಿದ್ದರು. ಇಪ್ಪತ್ತೆರಡರ ಈ ಹುಡುಗ 'ನ್ಯಾಷನಲ್ ಟೀನೇಜ್ ಪಾರ್ಟಿ' ಅಂತ ಒಂದು ಪಕ್ಷ ಮಾಡಿಕೊಂಡು ನಿಂತ. ಆಗ ವೋಟಿನ ವಯಸ್ಸು ಇಪ್ಪತ್ತೊಂದು, ಅಂದರೆ ಆ ಪಕ್ಷದ ಹೆಸರಿಗೆ ತಕ್ಕ ಒಬ್ಬ ಬೆಂಬಲಿಗನಿಗೂ ವೋಟಿಲ್ಲ! ಬಂದದ್ದು 208. ಬೇಡಿಕೆ ಮಾತ್ರ ಸೀದಾ ಇತ್ತು: ಹದಿನೆಂಟಕ್ಕೆ ವೋಟು ಕೊಡಿ, ಖಾಸಗಿ ರೇಡಿಯೋಗೆ ಲೈಸೆನ್ಸ್ ಕೊಡಿ.

1966ರಲ್ಲಿ ನೇರ ಪ್ರಧಾನಿ ಹೆರಾಲ್ಡ್ ವಿಲ್ಸನ್ ವಿರುದ್ಧ ಹೈಟನ್‌ನಲ್ಲಿ ನಿಂತು 585 ವೋಟು ತಗೊಂಡರು. ಎಪ್ಪತ್ತರ ದಶಕದಲ್ಲಿ ಚುನಾವಣೆಗೊಂದು ಪಕ್ಷದ ಹೆಸರು. 1983ರ ಹೊತ್ತಿಗೆ ಕೊನೆಗೂ ನಿಂತದ್ದು 'ಅಫಿಶಿಯಲ್ ಮಾನ್‌ಸ್ಟರ್ ರೇವಿಂಗ್ ಲೂನಿ ಪಾರ್ಟಿ', ಕನ್ನಡದಲ್ಲಿ ಹೇಳೋದಾದರೆ ಅಧಿಕೃತ ತಲೆಕೆಟ್ಟವರ ಪಕ್ಷ. ಆ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಪ್ರಧಾನಿ ಥ್ಯಾಚರ್ ಕ್ಷೇತ್ರ ಫಿಂಚ್ಲಿಯಲ್ಲಿ 235 ವೋಟು. ಹೀಗೆ 1997ರವರೆಗೆ ನಲವತ್ತರ ಹತ್ತಿರ ಚುನಾವಣೆ. ಸತ್ತಾಗ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಕಾಲ ಪಕ್ಷವೊಂದರ ನಾಯಕನಾಗಿದ್ದವನು ಈತನೇ.

ನನ್ನ ಪ್ರಶ್ನೆ: ಇದು ಬರೀ ತಮಾಷೆಯಾ? ನನಗೇನೋ ಈ ಮನುಷ್ಯ ಗೆಲ್ಲೋಕೆ ದುಡ್ಡು ಕಟ್ಟುತ್ತಿರಲಿಲ್ಲ, ದೊಡ್ಡವರ ಪಕ್ಕ ನಿಲ್ಲುವ ಜಾಗಕ್ಕೆ ಕಟ್ಟುತ್ತಿದ್ದರು ಅನ್ನಿಸಿದೆ. ಇಲ್ಲಿ ಫಲಿತಾಂಶ ಘೋಷಿಸುವಾಗ ಆ ಕ್ಷೇತ್ರದ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಪ್ರಧಾನಿಯಾದರೂ ಅಷ್ಟೇ. ರಾತ್ರಿ ಎರಡು ಗಂಟೆಗೆ, ಟಿವಿ ಲೈವ್‌ನಲ್ಲಿ, ದೇಶ ಆಳುವವರ ಪಕ್ಕ ಚಿರತೆ ಚುಕ್ಕಿಯ ಕೋಟು, ಉದ್ದ ಟೊಪ್ಪಿ, ಎದೆ ತುಂಬ ಬ್ಯಾಡ್ಜು, ತಟ್ಟೆಯಗಲದ ರಿಬ್ಬನ್ ಹೂವು ಚುಚ್ಚಿಕೊಂಡವನೊಬ್ಬ. ಕದಲುವ ಹಾಗಿಲ್ಲ.

ಬೆಣ್ಣೆದೋಸೆ

ಲಾರ್ಡ್ ಅಂತೀರಿ, ಅಪ್ಪ ಪೊಲೀಸ್ ಅಂತೀರಿ. ಜಮೀನ್ದಾರಿ ಎಲ್ಲಿಂದ ಬಂತು ಸ್ವಾಮಿ?

ಲೀಡ್ಸ್‌ವಾಸಿ

ಎಲ್ಲಿಂದಲೂ ಇಲ್ಲ. 'ಹ್ಯಾರೋದ ಮೂರನೇ ಅರ್ಲ್' ಅಂತ ತಾನೇ ಘೋಷಿಸಿಕೊಂಡದ್ದು, ಆಮೇಲೆ ಹೆಸರನ್ನೇ ಹಾಗೆ ಬದಲಾಯಿಸಿಕೊಂಡದ್ದು. ಇದ್ದದ್ದು ಅಮ್ಮನ ಮನೆ, ಸೌತ್ ಹ್ಯಾರೋದಲ್ಲಿ. ನಮ್ಮ ಕಡೆ ಗೆದ್ದ ಮೇಲೆ ಗೌರವ ಡಾಕ್ಟರೇಟ್ ಬರುತ್ತೆ, ಇವರು ನಿಲ್ಲೋಕೆ ಮುಂಚೆನೇ ಬಿರುದು ಹಾಕಿಕೊಂಡರು.

ಗ್ರಾಮಫೋನು

ಈ ಎಳೆ ಕಣ್ಣಿಗೆ ಬಿದ್ದದ್ದೇ ಖುಷಿ. ನನಗೆ ಸಚ್ ರಾಜಕಾರಣಿಯಾಗಿ ಗೊತ್ತೇ ಇರಲಿಲ್ಲ, ಹಾಡುಗಾರನಾಗಿ ಗೊತ್ತು. ಹಾಡುಗಾರ ಅನ್ನೋದೂ ಸ್ವಲ್ಪ ಹೆಚ್ಚಾಯಿತು. ಸ್ವರ ನಿಲ್ಲುತ್ತಿರಲಿಲ್ಲ, ಕಿರುಚಾಟವೇ ಬಂಡವಾಳ. ಅಮೆರಿಕದ ಸ್ಕ್ರೀಮಿಂಗ್ ಜೇ ಹಾಕಿನ್ಸ್‌ನಿಂದ ಎತ್ತಿಕೊಂಡ ಹೆಸರು, ಎತ್ತಿಕೊಂಡ ಉಪಾಯ: ಶವಪೆಟ್ಟಿಗೆಯನ್ನು ರಂಗಕ್ಕೆ ಹೊತ್ತು ತರುತ್ತಾರೆ, ಮುಚ್ಚಳ ತೆಗೆದುಕೊಂಡು ಈತ ಎದ್ದು ಬರುತ್ತಾನೆ. ಆದರೆ ಹಿಂದೆ ನುಡಿಸುತ್ತಿದ್ದವರು ಯಾರು ಅಂತ ನೋಡಿ. ಮುಂದೆ ಡೀಪ್ ಪರ್ಪಲ್ ಗಿಟಾರಿಸ್ಟ್ ಆದ ರಿಚಿ ಬ್ಲ್ಯಾಕ್‌ಮೋರ್ ಈತನ ಬ್ಯಾಂಡಿನಲ್ಲಿದ್ದವನು. 1970ರಲ್ಲಿ ಬಂದ ಒಂದು ಆಲ್ಬಮ್‌ನಲ್ಲಿ ಜಿಮ್ಮಿ ಪೇಜ್, ಜಾನ್ ಬಾನಮ್, ಜೆಫ್ ಬೆಕ್ ಎಲ್ಲರೂ ಇದ್ದಾರೆ. ಅಷ್ಟು ಜನ ಘಟಾನುಘಟಿಗಳನ್ನು ಇಟ್ಟುಕೊಂಡು ಅಷ್ಟು ಕೆಟ್ಟ ಆಲ್ಬಮ್ ಮಾಡೋದೂ ಒಂದು ಪ್ರತಿಭೆ.

ಲೀಡ್ಸ್‌ವಾಸಿ ರೇಡಿಯೋ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ, ಕತೆ ಇರೋದೇ ಅಲ್ಲಿ. ಆ ಕಾಲಕ್ಕೆ ಬ್ರಿಟನ್ನಿನಲ್ಲಿ ರೇಡಿಯೋ ಅಂದರೆ ಬಿಬಿಸಿ ಮಾತ್ರ, ಅದರಲ್ಲಿ ಪಾಪ್ ಹಾಡು ಅಪರೂಪ. 1964ರಲ್ಲಿ ಕಡಲಲ್ಲಿ ಹಡಗು ನಿಲ್ಲಿಸಿಕೊಂಡು ಕಾನೂನಿನ ಕೈಗೆ ಸಿಗದ ಹಾಗೆ ಹಾಡು ಹಾಕುವ ಕಳ್ಳ ರೇಡಿಯೋಗಳು ಶುರುವಾದವು. ಸಚ್ ಹತ್ತಿರ ಹಡಗಿಗೆಲ್ಲಿ ದುಡ್ಡು? ಥೇಮ್ಸ್ ನದಿ ಸಮುದ್ರ ಸೇರುವಲ್ಲಿ, ಯುದ್ಧಕಾಲದಲ್ಲಿ ವಿಮಾನ ಹೊಡೆಯೋಕೆ ಅಂತ ನೀರಿನ ನಡುವೆ ಕಂಬಗಳ ಮೇಲೆ ಕಟ್ಟಿ ಬಿಟ್ಟುಹೋಗಿದ್ದ ಕಬ್ಬಿಣದ ಕೋಟೆಗಳಿದ್ದವು. ಅದರಲ್ಲೊಂದು ಶಿವರಿಂಗ್ ಸ್ಯಾಂಡ್ಸ್. ಅಲ್ಲಿಗೆ ಹತ್ತಿ ಕೂತು 'ರೇಡಿಯೋ ಸಚ್' ಶುರು ಮಾಡಿದ. ಕೆಲವೇ ತಿಂಗಳಲ್ಲಿ ಬೇಜಾರಾಗಿ ತನ್ನ ಮ್ಯಾನೇಜರ್ ರೆಜ್ ಕ್ಯಾಲ್ವರ್ಟ್‌ಗೆ ಬಿಟ್ಟುಕೊಟ್ಟ. ಅವನು ಅದನ್ನು 'ರೇಡಿಯೋ ಸಿಟಿ' ಮಾಡಿದ. 1966ರ ಜೂನ್‌ನಲ್ಲಿ ಟ್ರಾನ್ಸ್‌ಮಿಟರ್ ವಿಚಾರಕ್ಕೆ ಜಗಳ ಬಿದ್ದು, ಎದುರಾಳಿ ಆಲಿವರ್ ಸ್ಮೆಡ್ಲಿಯ ಮನೆಗೆ ನುಗ್ಗಿದ ಕ್ಯಾಲ್ವರ್ಟ್ ಗುಂಡೇಟಿಗೆ ಸತ್ತ. ಆತ್ಮರಕ್ಷಣೆ ಅಂತ ಸ್ಮೆಡ್ಲಿ ಬಿಡುಗಡೆಯಾದ. ಮಜಾ ಏನಪ್ಪಾ ಅಂದರೆ ಈ ಸ್ಮೆಡ್ಲಿ ಹಿಂದೆ ಲಿಬರಲ್ ಪಕ್ಷದ ಪದಾಧಿಕಾರಿಯಾಗಿದ್ದವನು. ಗೌರವಾನ್ವಿತ ರಾಜಕಾರಣಿ ಬಂದೂಕು ಹಿಡಿದ, ತಲೆಕೆಟ್ಟವನು ಅನ್ನಿಸಿಕೊಂಡವನು ನಾಮಪತ್ರ ಹಾಕುತ್ತಾ ಹೋದ.

1967ರಲ್ಲಿ ಕಳ್ಳ ರೇಡಿಯೋಗಳನ್ನು ಮುಚ್ಚಿಸುವ ಕಾನೂನು ಬಂತು. ಅದೇ ವರ್ಷ ಬಿಬಿಸಿ ತಾನೇ ಪಾಪ್ ಚಾನೆಲ್ ತೆಗೆಯಿತು, ಕಡಲಲ್ಲಿದ್ದ ಹುಡುಗರನ್ನೇ ಕರೆದು ಕೆಲಸ ಕೊಟ್ಟಿತು. 1973ಕ್ಕೆ ಖಾಸಗಿ ರೇಡಿಯೋ ಅಧಿಕೃತವಾಯಿತು.

ಕಾನೂನುಕಟ್ಟೆ

ಸ್ವಲ್ಪ ತಣ್ಣೀರು ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ಸಚ್ ಅಭಿಮಾನಿಗಳು ಎಲ್ಲಿ ಹೋದರೂ ಒಂದು ಪಟ್ಟಿ ಒಪ್ಪಿಸುತ್ತಾರೆ: ಹದಿನೆಂಟಕ್ಕೆ ವೋಟು, ಖಾಸಗಿ ರೇಡಿಯೋ, ಪಬ್ಬುಗಳು ಇಡೀ ದಿನ ತೆರೆದಿರೋದು, ಸಾಕುಪ್ರಾಣಿಗೆ ಪಾಸ್‌ಪೋರ್ಟ್. ಎಲ್ಲವೂ ಕಾನೂನಾದವು, ನೋಡಿ ನಮ್ಮ ಲಾರ್ಡ್ ಮುಂದಾಲೋಚನೆ, ಅಂತ.

ವೋಟಿನ ವಯಸ್ಸು ಇಳಿದದ್ದು 1969ರಲ್ಲಿ. ಅದಕ್ಕೆ ಮುಂಚೆ ಲೇಟಿ ಸಮಿತಿ ಕೂತು, ಮದುವೆ, ಆಸ್ತಿ, ಕರಾರು ಎಲ್ಲಕ್ಕೂ ಪ್ರಾಪ್ತವಯಸ್ಸನ್ನು ಹದಿನೆಂಟಕ್ಕೆ ಇಳಿಸಿ ಎಂದು 1967ರಲ್ಲಿ ವರದಿ ಕೊಟ್ಟಿತ್ತು. ಅದರ ಬೆನ್ನಲ್ಲೇ ವಿಲ್ಸನ್ ಸರ್ಕಾರ ವೋಟನ್ನೂ ಇಳಿಸಿತು. 208 ವೋಟಿನ ಹುಡುಗನಿಗೆ ಹೆದರಿ ಅಲ್ಲ. ಪಬ್ಬಿನ ಸಮಯ ಬದಲಾದದ್ದು 1988ರಲ್ಲಿ, ಮಾಡಿದ್ದು ಥ್ಯಾಚರ್, ಹಿಂದೆ ಇದ್ದದ್ದು ವ್ಯಾಪಾರದ ಲೆಕ್ಕಾಚಾರ. ಪ್ರಾಣಿ ಪಾಸ್‌ಪೋರ್ಟ್ 2000ದ ಫೆಬ್ರವರಿಯಲ್ಲಿ ಶುರುವಾಯಿತು, ರೇಬಿಸ್ ಲಸಿಕೆ ಮತ್ತು ಮೈಕ್ರೋಚಿಪ್ ಬಂದ ಮೇಲೆ ಆರು ತಿಂಗಳ ಕ್ವಾರಂಟೈನ್‌ಗೆ ಅರ್ಥ ಉಳಿದಿರಲಿಲ್ಲ. ಗಾಳಿ ಬೀಸುವ ದಿಕ್ಕಿಗೆ ಮೊದಲೇ ಮುಖ ಮಾಡಿ ನಿಂತಿದ್ದರು ಅನ್ನಿ, ಒಪ್ತೀನಿ. ಗಾಳಿ ಬೀಸಿಸಿದ್ದೇ ಅವರು ಅನ್ನೋದು ಭಕ್ತಿ.

ಇನ್ನು ಠೇವಣಿ. ಕಾನೂನಿನ ದೃಷ್ಟಿಯಿಂದ ಈ ಮನುಷ್ಯನ ನಿಜವಾದ ಗುರುತು ಉಳಿದಿರೋದು ಅಲ್ಲಿ. ಬ್ರಿಟನ್ನಿನಲ್ಲಿ 1918ರಲ್ಲಿ 150 ಪೌಂಡ್ ಠೇವಣಿ ಅಂತ ಮಾಡಿದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಎಂಬತ್ತರ ದಶಕಕ್ಕೆ ಬೆಲೆಯೇರಿಕೆಯಲ್ಲಿ ಅದು ಚಿಲ್ಲರೆ ಆಗಿಹೋಗಿತ್ತು, ಉಪಚುನಾವಣೆ ಅಂದರೆ ಜಾತ್ರೆ. 1983ರ ಫೆಬ್ರವರಿಯಲ್ಲಿ ಬರ್ಮಂಡ್ಸಿಯಲ್ಲಿ ಹದಿನಾರು ಜನ ನಿಂತಿದ್ದರು, ಸಚ್‌ಗೆ 97 ವೋಟು. ಸರ್ಕಾರ ಠೇವಣಿಯನ್ನು 1,000 ಪೌಂಡಿಗೆ ಏರಿಸಲು ಹೊರಟು, ವಿರೋಧ ಬಂದು 1985ರಲ್ಲಿ 500ಕ್ಕೆ ಒಪ್ಪಿತು. ಅದರ ಜತೆಗೆ ಒಂದು ಒಳ್ಳೆ ಕೆಲಸವನ್ನೂ ಮಾಡಿದರು: ಠೇವಣಿ ಉಳಿಸಿಕೊಳ್ಳಲು ಬೇಕಿದ್ದ ಶೇಕಡಾ 12.5 ವೋಟನ್ನು ಶೇಕಡಾ 5ಕ್ಕೆ ಇಳಿಸಿದರು. ಅಂದರೆ ಹೊಸ್ತಿಲು ಎತ್ತರ ಮಾಡಿದರು, ಒಳಗೆ ಬಂದವರಿಗೆ ಮುಂದಿನ ಮೆಟ್ಟಿಲು ಸ್ವಲ್ಪ ತಗ್ಗಿಸಿದರು. ಸಚ್ 500 ಕಟ್ಟಿ ಬಂದೇ ಬಂದರು. ಪಬ್ಬುಗಳಲ್ಲಿ ಹಾಡಿ ದುಡಿದದ್ದು ಚುನಾವಣಾಧಿಕಾರಿಯ ಮೇಜಿಗೆ ಹೋಗುತ್ತಿತ್ತು.

ನಮ್ಮಲ್ಲಿ ಇವತ್ತಿಗೂ ಆರನೇ ಒಂದು ಭಾಗ ವೋಟು ಬೇಕು. ಹೆಚ್ಚೂಕಡಿಮೆ ಶೇಕಡಾ 16.7. ಗಂಭೀರವಾಗಿ ಕೆಲಸ ಮಾಡಿದ ಸಣ್ಣ ಪಕ್ಷದವನೂ ಕಳಕೊಳ್ಳುತ್ತಾನೆ.

ಗಡಿನಾಡ ಗಿರಿ

ಹದಿನಾರು ಮಂದಿ ನಿಂತ್ರ ಜಾತ್ರಿ ಅಂತೀರೇನು ಸಾಹೇಬ್ರ? ನಮ್ಮ ಬೆಳಗಾವಿಗೆ ಬರ್ರಿ. 1985ರ ವಿಧಾನಸಭಾ ಚುನಾವಣಿಗೆ ಇಲ್ಲಿ 301 ಮಂದಿ ಕಣದಾಗ ಇದ್ರು. 1996ರ ಲೋಕಸಭಾಕ್ಕ 456 ಮಂದಿ! ಬೆಳಗಾವಿ ಮಹಾರಾಷ್ಟ್ರಕ್ಕ ಸೇರಬೇಕು ಅನ್ನೂ ಎಂಇಎಸ್‌ನವ್ರು ಗಡಿ ವಿಚಾರ ದಿಲ್ಲಿಗೆ ಕೇಳಸ್ಲಿ ಅಂತ ಹೂಡಿದ ಆಟ. ಯಾರಿಗೂ ಗೆಲ್ಲೂದು ಬೇಕಾಗಿರಲಿಲ್ಲ, ಚುನಾವಣಿ ನಡಸವ್ರ ಕೈಕಾಲು ಕಟ್ಟಿಹಾಕೂದು ಬೇಕಾಗಿತ್ತು. ನಮ್ಮ ಕಾಕಾ ಆವತ್ತು ಮತಗಟ್ಟಿ ಡ್ಯೂಟಿ ಮಾಡಿದವ್ರು. ಮತಪತ್ರ ಹರವಿದ್ರ ಟೇಬಲ್ ತುಂಬಿ ಕೆಳಗ ಇಳೀತಿತ್ತಂತ, ವಯಸ್ಸಾದವ್ರು ತಮ್ಮ ಗುರ್ತು ಹುಡಕಲಿಕ್ಕೆ ಆಗದ "ಎಲ್ಲೈತಪ್ಪಾ" ಅಂತ ಇವ್ರನ್ನ ಕೇಳೂದು, ಇವ್ರು ಬಾಯಿ ಬಿಡೂ ಹಂಗಿಲ್ಲ. ಮಡಚಿ ಪೆಟ್ಟಿಗಿಯೊಳಗ ತುರುಕೂದೇ ಒಂದು ಕುಸ್ತಿ.

ಅದೇ ವರ್ಷ ಆಂಧ್ರದ ನಲ್ಗೊಂಡಾದಾಗ ನೀರಿನ ಸಲುವಾಗಿ 480 ಮಂದಿ. ತಮಿಳ್ನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಾಗ ರೈತರು 1,033 ಮಂದಿ ನಿಂತು, ಮತಪತ್ರ ಅನ್ನೂದು ಪುಸ್ತಕಾನ ಆಗಿತ್ತು, ಮತದಾನ ಮುಂದ ಹಾಕಬೇಕಾತು. ಅವ್ರ ಸಿಟ್ಟು ಖರೇ ಇತ್ತು, ಸುಳ್ಳಲ್ಲ. ನಿಮ್ಮ ಸಚ್ ಏನ್ ಮಾಡ್ತಿದ್ದ, ಒಬ್ಬನ ನಿಂತು ನಗಸ್ತಿದ್ದ. ನಮ್ಮವ್ರು ಗುಂಪಾಗಿ ನಿಂತು ಬೆವರು ಇಳಿಸಿದ್ರು.

ಕಾನೂನುಕಟ್ಟೆ

ಗಿರಿಯವರೇ, ನೀವು ಹೇಳಿದ ಆ ಮೂರು ಕ್ಷೇತ್ರಗಳೇ ನಮ್ಮ ಕಾನೂನು ಬದಲಾಯಿಸಿದ್ದು. 1996ರ ಲೋಕಸಭೆಗೆ ಒಟ್ಟು 13,952 ಜನ ನಿಂತಿದ್ದರು. 1951ರಿಂದ ಲೋಕಸಭೆಗೆ ಠೇವಣಿ 500 ರೂಪಾಯಿ, ವಿಧಾನಸಭೆಗೆ 250. ಆ ವರ್ಷವೇ ತಿದ್ದುಪಡಿ ತಂದು ಕ್ರಮವಾಗಿ 10,000 ಮತ್ತು 5,000 ಮಾಡಿದರು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು ಜನ ಬೇಕು ಅಂತಾಯಿತು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲ ಅಂತಲೂ ಆಯಿತು. 1998ರಲ್ಲಿ ಸಂಖ್ಯೆ 4,750ಕ್ಕೆ ಕುಸಿಯಿತು. ಈಗ 25,000 ಮತ್ತು 10,000, ಪರಿಶಿಷ್ಟರಿಗೆ ಅರ್ಧ.

ರಾಷ್ಟ್ರಪತಿ ಚುನಾವಣೆಯಲ್ಲೂ ಇದೇ ಕತೆ. ಚೌಧರಿ ಹರಿರಾಮ್ ಅನ್ನುವವರು 1952, 1957, 1962 ಮೂರು ಸಲವೂ ನಿಂತಿದ್ದರು, ರಾಜೇಂದ್ರ ಪ್ರಸಾದರ ಎದುರು, ರಾಧಾಕೃಷ್ಣನ್ ಎದುರು. 1992ರಲ್ಲಿ ಶಂಕರ್ ದಯಾಳ್ ಶರ್ಮಾ ಎದುರು ಬರೇಲಿಯ ಬಟ್ಟೆ ವ್ಯಾಪಾರಿ ಕಾಕಾ ಜೋಗಿಂದರ್ ಸಿಂಗ್, 'ಧರ್ತಿಪಕಡ್' ಅಂತ ಹೆಸರುವಾಸಿ. ರಾಮ್ ಜೇಠ್ಮಲಾನಿ ಕೂಡ ಇದ್ದ ಆ ಕಣದಲ್ಲಿ ಕಾಕಾಗೆ ಬಂದ ಮತಮೌಲ್ಯ 1,135. ಈಗ ಐವತ್ತು ಜನ ಸೂಚಕರು, ಐವತ್ತು ಅನುಮೋದಕರು ಬೇಕು, ಎಲ್ಲರೂ ಸಂಸದರು ಇಲ್ಲವೇ ಶಾಸಕರೇ ಆಗಿರಬೇಕು. ಬಟ್ಟೆ ವ್ಯಾಪಾರಿಗೆ ಬಾಗಿಲು ಮುಚ್ಚಿತು.

ಕೊಳ್ಳೇಗಾಲದ ಕಡೆಯವ

ಇಷ್ಟು ಹೊತ್ತಾದರೂ ಯಾರೂ ವಾಟಾಳ್ ಹೆಸರು ಎತ್ತಲಿಲ್ಲವಲ್ಲ, ನಾನೇ ಎತ್ತುತ್ತೀನಿ.

ಎಮ್ಮೆ, ಕತ್ತೆ, ಖಾಲಿ ಕೊಡ, ಟೊಪ್ಪಿ, ಕಪ್ಪು ಕನ್ನಡಕ. ವೇಷದ ಲೆಕ್ಕದಲ್ಲಿ ನೋಡಿದರೆ ಸಚ್‌ಗೂ ವಾಟಾಳ್ ನಾಗರಾಜ್‌ಗೂ ಸರಿಜೋಡಿ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ, ವಾಟಾಳ್ ಗೆದ್ದವರು. 2004ರಲ್ಲಿ ಚಾಮರಾಜನಗರದಿಂದ ತಮ್ಮ ಕನ್ನಡ ಚಳವಳಿ ವಾಟಾಳ್ ಪಕ್ಷದಿಂದಲೇ ಗೆದ್ದು ಒಬ್ಬರೇ ಸದನದಲ್ಲಿ ಕೂತಿದ್ದರು. ಅದಕ್ಕೆ ಮುಂಚೆಯೂ ಗೆದ್ದಿದ್ದಾರೆ. ನಮ್ಮ ಭಾಗದಲ್ಲಿ ಅವರನ್ನು ನೋಡಿ ನಕ್ಕವರೇ ಬೂತಿಗೆ ಹೋಗಿ ಒತ್ತಿ ಬಂದದ್ದನ್ನು ಕಂಡಿದ್ದೇನೆ. ಯಾಕೆ ಅಂದರೆ "ಸದನದಲ್ಲಿ ಅವನೊಬ್ಬ ಕಿರುಚ್ತಾನೆ ಬುಡು" ಅನ್ನೋರು. 2008ರಿಂದೀಚೆಗೆ ಅಲ್ಲಿ ಪುಟ್ಟರಂಗಶೆಟ್ಟರೇ ಗೆಲ್ಲುತ್ತಾ ಬಂದಿದ್ದಾರೆ, ಅದು ಬೇರೆ ಮಾತು.

ಸಣ್ಣಪುಟ್ಟ ಅಭ್ಯರ್ಥಿ ಲೆಕ್ಕಕ್ಕೇ ಇಲ್ಲ ಅನ್ನೋರಿಗೆ ಇನ್ನೊಂದು ವಿಷಯ. ಅದೇ 2004, ಅದೇ ಜಿಲ್ಲೆ, ಸಂತೇಮರಹಳ್ಳಿ. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ವೋಟು. ಇಂಥ ಕಡೆ ಪಟ್ಟಿಯ ಕೊನೆಯಲ್ಲಿರುವ ಪಕ್ಷೇತರ ಎಳೆದುಕೊಂಡ ನಾಲ್ಕು ವೋಟೂ ಇತಿಹಾಸ ಬರೆದುಬಿಡುತ್ತೆ. ಅದಕ್ಕೇ ನಮ್ಮಲ್ಲಿ ಡಮ್ಮಿಗಳನ್ನು ನಿಲ್ಲಿಸೋದು. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಎದುರು ಇನ್ನೂ ಮೂವರು ಸುಮಲತಾ ಪ್ರತ್ಯಕ್ಷವಾಗಿರಲಿಲ್ಲವೇ? ನಮ್ಮ ಕಡೆ ಗೆಲ್ಲದ ಅಭ್ಯರ್ಥಿ ಅಂದ ತಕ್ಷಣ ಜನ ಮೊದಲು ಕೇಳೋದು, "ಯಾರು ನಿಲ್ಲಿಸಿದ್ದು, ಎಷ್ಟು ಕೊಟ್ಟರು?" ಸಚ್ ವಿಷಯದಲ್ಲಿ ಆ ಅನುಮಾನ ಯಾರಿಗೂ ಬರಲಿಲ್ಲವಾ?

ನಿರ್ವಾಹಕ

ಎಮ್ಮೆ ಫೋಟೋ ಹಾಕಿದ್ದ ಎಂಟು ಕಾಮೆಂಟುಗಳನ್ನು ತೆಗೆದಿದ್ದೇನೆ. ವಾಟಾಳ್ ಬಗ್ಗೆ ಬೇರೆ ಎಳೆ ಇದೆ, ಅಲ್ಲಿ ಹಾಕಿ.

ಶೆಟ್ರು, ಶಿವಮೊಗ್ಗ

ಎಲ್ಲರೂ ಒಬ್ಬ ಕೋಡಂಗಿಯನ್ನು ಹೊಗಳ್ತಾ ಇದ್ದೀರಿ, ನನಗೆ ಅರ್ಥ ಆಗ್ತಿಲ್ಲ. ಒಂದು ಸಣ್ಣ ಪಕ್ಷದಿಂದ ನಾನು ಜಿಲ್ಲಾ ಪಂಚಾಯ್ತಿ ಪ್ರಚಾರಕ್ಕೆ ಓಡಾಡಿದವನು. ಕೆರೆ ಹೂಳು, ಬಗರ್ ಹುಕುಂ, ಶಾಲೆ ಅಂತ ಮಾತಾಡಿದರೆ ಪತ್ರಿಕೆಯವರು ಒಂದು ಸಾಲು ಬರೆಯಲ್ಲ. ಅದೇ ಒಬ್ಬ ಚಿಲ್ಲರೆ ಹಣ ಮೂಟೆ ಕಟ್ಟಿಕೊಂಡು ಬಂದು ಠೇವಣಿ ಕಟ್ಟಿದರೆ ಮುಖಪುಟದಲ್ಲಿ ಫೋಟೋ. ಪ್ರತಿ ಚುನಾವಣೆಗೂ ಒಬ್ಬ ಇರ್ತಾನೆ. ತಮಾಷೆಯವನು ತಿನ್ನೋದು ದೊಡ್ಡ ಪಕ್ಷದ ಜಾಗವನ್ನಲ್ಲ, ನಮ್ಮಂಥವರ ಜಾಗವನ್ನು. ಬೇಡ ಅನ್ನೋರಿಗೆ 2013ರಿಂದ ನೋಟಾ ಇದೆಯಲ್ಲ, ಒತ್ತಿ ಮನೆಗೆ ಹೋಗಿ.

ಮೀನಗಡಿ

ಶೆಟ್ರೇ, ನೋಟಾ ಭಾಷಣ ಮಾಡುದಿಲ್ಲ ಮಾರಾಯ್ರೆ.

ನಿಮ್ಮ ಸಿಟ್ಟು ಸರಿಯೇ. ಆದ್ರೆ ಪತ್ರಿಕೆಯವ್ರು ಹೂಳಿನ ಬಗ್ಗೆ ಬರೆಯದಿದ್ದದ್ದು ಕೋಡಂಗಿ ತಪ್ಪಾ? ಅವ ಇಲ್ಲದಿದ್ರೆ ಆ ಜಾಗಕ್ಕೆ ಇನ್ಯಾವುದೋ ಮಂತ್ರಿಯ ಮಗನ ಮದುವೆ ಬರ್ತಿತ್ತು, ನಿಮ್ಮ ಕೆರೆ ಅಲ್ಲ. ನಮ್ಮ ಹೊಟ್ಟೆ ಪಕ್ಷದ ರಂಗಸ್ವಾಮಿಯವರನ್ನೇ ತಗೊಳ್ಳಿ. 86 ಚುನಾವಣೆಗೆ ನಿಂತು ಎಲ್ಲದರಲ್ಲೂ ಸೋತು ಗಿನ್ನೆಸ್‌ನಲ್ಲಿ ಹೆಸರು ಬಂತು. ಸಂಖ್ಯೆಯಲ್ಲಿ ಸಚ್‌ಗಿಂತ ಎರಡು ಪಟ್ಟು. ಬಡವರ ಹೊಟ್ಟೆ ಅಂತ ಪಕ್ಷದ ಹೆಸರಲ್ಲೇ ಇಟ್ಟುಕೊಂಡ ಮನುಷ್ಯ ಅದು. ಇವತ್ತು ಅವರು ಏನು ಮಾತಾಡಿದ್ರು ಅಂತ ಎಷ್ಟು ಜನಕ್ಕೆ ಗೊತ್ತುಂಟು? 86 ಅನ್ನುವ ನಂಬರ್ ಮಾತ್ರ ಉಳೀತು. ದಾಖಲೆಗೆ ನಿಂತವರನ್ನು ದಾಖಲೆಯೇ ನುಂಗ್ತದೆ. ಸಚ್‌ಗೆ ಕನಿಷ್ಠ ಅವರ ಜೋಕುಗಳಾದ್ರೂ ಉಳಿದವು. "ಮೊನೊಪಲಿ ತಡೆಯುವ ಆಯೋಗ ಒಂದೇ ಯಾಕಿದೆ?" ಅಂತ ಕೇಳಿದ್ರಂತಲ್ಲ, ಅದಕ್ಕೆ ಈಗಲೂ ಯಾರ ಹತ್ರವೂ ಉತ್ತರ ಇಲ್ಲ.

ಲೀಡ್ಸ್‌ವಾಸಿ

ಕೊಳ್ಳೇಗಾಲದವರ ಪ್ರಶ್ನೆಗೆ: ಸಚ್‌ನನ್ನು ಯಾರೂ 'ನಿಲ್ಲಿಸಿ'ರಲಿಲ್ಲ. ಇಲ್ಲಿ ಪ್ರಚಾರಕ್ಕೆ ಬೇಕಾದ್ದು ಒಂದು ಮೈಕು, ಪಬ್ಬುಗಳ ಸುತ್ತಾಟ. ಪ್ರಣಾಳಿಕೆ ಅಂದರೆ ಯೂರೋಪಿನವರು ಗುಡ್ಡೆ ಹಾಕಿಟ್ಟಿದ್ದ ಬೆಣ್ಣೆ ರಾಶಿಯನ್ನು ಸ್ಕೀಯಿಂಗ್ ಇಳಿಜಾರು ಮಾಡೋದು, ಬೆಳಿಗ್ಗೆ ಓಡುವವರನ್ನು ಚಕ್ರದ ಮೇಲೆ ಓಡಿಸಿ ಕರೆಂಟ್ ತೆಗೆಯೋದು. ವೋಟು ಕಡಿಯುವಷ್ಟು ವೋಟೂ ಬರುತ್ತಿರಲಿಲ್ಲ.

ಕಾನೂನುಕಟ್ಟೆಯವರು ಬರ್ಮಂಡ್ಸಿಯನ್ನು ಸಂಖ್ಯೆಯಲ್ಲೇ ಬಿಟ್ಟರು. ಅಲ್ಲಿ ಲೇಬರ್ ಅಭ್ಯರ್ಥಿ ಪೀಟರ್ ಟ್ಯಾಚೆಲ್ ಸಲಿಂಗಿ ಎಂಬುದನ್ನೇ ಹಿಡಿದು ಪತ್ರಿಕೆಗಳು, ಎದುರಾಳಿಗಳು ಮಾಡಿದ ಪ್ರಚಾರ ಬ್ರಿಟಿಷ್ ಚುನಾವಣೆಗಳಲ್ಲೇ ಅತಿ ಹೊಲಸು ಅಂತ ಇವತ್ತಿಗೂ ಹೇಳುತ್ತಾರೆ. ಸೂಟು ಹಾಕಿಕೊಂಡವರು ಮಾಡಿದ್ದು ಅದು.

ಶೆಟ್ರ ಮಾತಿಗೆ ನನ್ನ ಉತ್ತರ ಬೂಟಲ್. ಲಿವರ್‌ಪೂಲ್ ಪಕ್ಕದ ಊರು, 1990ರ ಮೇ 24ರ ಉಪಚುನಾವಣೆ. ಹಿನ್ನೆಲೆ ಸ್ವಲ್ಪ ಹೇಳಬೇಕು. 1981ರಲ್ಲಿ ಲೇಬರ್‌ನಿಂದ ಹೊರಬಂದ ನಾಲ್ವರು ಹಿರಿಯರು ಎಸ್‌ಡಿಪಿ ಅಂತ ಪಕ್ಷ ಕಟ್ಟಿದ್ದರು. ಲಿಬರಲ್ ಪಕ್ಷದ ಜತೆ ಸೇರಿ 1983ರಲ್ಲಿ ದೇಶದ ಕಾಲು ಭಾಗ ವೋಟು ತಗೊಂಡಿದ್ದರು, ಮುಂದಿನ ಸರ್ಕಾರ ಇವರದೇ ಅಂತ ಪತ್ರಿಕೆಗಳು ಬರೆದಿದ್ದವು. 1988ರಲ್ಲಿ ಎರಡೂ ಪಕ್ಷ ವಿಲೀನವಾದಾಗ ಮಾಜಿ ವಿದೇಶಾಂಗ ಮಂತ್ರಿ ಡೇವಿಡ್ ಓವನ್ ಒಪ್ಪದೆ, ಉಳಿದವರನ್ನು ಕಟ್ಟಿಕೊಂಡು ಅದೇ ಹೆಸರಲ್ಲಿ ಮುಂದುವರಿದರು. ಬೂಟಲ್‌ನಲ್ಲಿ ಅವರ ಅಭ್ಯರ್ಥಿಗೆ ಬಿದ್ದದ್ದು 155. ಲಾರ್ಡ್ ಸಚ್‌ಗೆ 418.

ಮಾಜಿ ವಿದೇಶಾಂಗ ಮಂತ್ರಿಯ ಪಕ್ಷ ತಲೆಕೆಟ್ಟವರ ಪಕ್ಷದ ಹಿಂದೆ! ಹತ್ತೇ ದಿನಕ್ಕೆ, ಜೂನ್ 3ಕ್ಕೆ, ಓವನ್ ಅಂಗಡಿ ಮುಚ್ಚಿದರು. ಪಕ್ಷದ ಗತಿ ಮುಂಚೆಯೇ ಮುಗಿದಿತ್ತು, ನಿಜ. ಆದರೆ ಲೇಬರ್‌ಗೋ ಕನ್ಸರ್ವೇಟಿವ್‌ಗೋ ಸೋತಿದ್ದರೆ ಇನ್ನೂ ಒಂದೆರಡು ವರ್ಷ "ನಾವು ಗಂಭೀರ ಪಕ್ಷ" ಅಂತ ಎಳೆಯಬಹುದಿತ್ತು. ಸಚ್‌ಗೆ ಸೋತ ಮೇಲೆ ಆ ಮಾತು ಯಾವ ಬಾಯಲ್ಲಿ ಆಡೋದು? ಎಪ್ಪತ್ತು ಪುಟದ ಸಂಪಾದಕೀಯ ಮಾಡಲಾರದ್ದನ್ನು 418 ವೋಟು ಮಾಡಿತು. ಆ ವೋಟು ಹಾಕಿದವರಿಗೂ ಗೊತ್ತಿತ್ತು ಏನು ಮಾಡ್ತಿದ್ದೀವಿ ಅಂತ. ಬೂಟಲ್ ಲೇಬರ್ ಭದ್ರಕೋಟೆ, ಯಾರು ಗೆಲ್ಲುತ್ತಾರೆ ಅನ್ನುವುದರಲ್ಲಿ ಅನುಮಾನ ಇರಲಿಲ್ಲ, ಯಾರನ್ನು ಅವಮಾನಿಸೋದು ಅನ್ನೋದಷ್ಟೇ ಮತದಾರರ ಕೈಲಿತ್ತು.

ಶೆಟ್ರು, ಶಿವಮೊಗ್ಗ

ಬೂಟಲ್ ಕತೆ ಚೆನ್ನಾಗಿದೆ. ಆದರೆ ನೀವೇ ಹೇಳಿದ್ದನ್ನು ಇನ್ನೊಮ್ಮೆ ಓದಿ: ಸತ್ತದ್ದು ಯಾವುದು? ಇನ್ನೊಂದು ಸಣ್ಣ ಪಕ್ಷ. ಲೇಬರ್ ಕೂದಲೂ ಕೊಂಕಲಿಲ್ಲ.

ಬೆಣ್ಣೆದೋಸೆ

ಶೆಟ್ರು ಗೋಲ್ ಹೊಡೆದರು.

ಗ್ರಾಮಫೋನು

ಇನ್ನೊಂದು ವಿಷಯ ಹೇಳದೆ ಹೋದರೆ ಚಿತ್ರ ಅರ್ಧವೇ ಆಗುತ್ತೆ. ಅಮ್ಮ 1997ರಲ್ಲಿ ತೀರಿಕೊಂಡರು. ಸಚ್ ಬಹಳ ವರ್ಷ ಖಿನ್ನತೆಯಿಂದ ನರಳಿದವರು, ಹತ್ತಿರದವರಿಗಷ್ಟೇ ಗೊತ್ತಿತ್ತು. ಆ ವರ್ಷ ನವೆಂಬರ್‌ನಲ್ಲಿ ವಿಂಚೆಸ್ಟರ್ ಉಪಚುನಾವಣೆಗೆ ನಿಂತದ್ದೇ ಕೊನೆ, 316 ವೋಟು. 1999ರ ಜೂನ್ 16ರಂದು ಅದೇ ಸೌತ್ ಹ್ಯಾರೋ ಮನೆಯಲ್ಲಿ ಜೀವ ಕಳೆದುಕೊಂಡರು. 58 ವಯಸ್ಸು. ನಗಿಸುವವರು ಒಳಗೊಳಗೇ ಅಳುತ್ತಿರುತ್ತಾರೆ ಅನ್ನುವ ಸಿನಿಮಾ ಡೈಲಾಗ್ ದಯವಿಟ್ಟು ಯಾರೂ ಇಲ್ಲಿ ಹೊಡೀಬೇಡಿ. ಅದು ಕಾಯಿಲೆ, ಚಿಕಿತ್ಸೆ ಇರುವ ಕಾಯಿಲೆ. ಸೋತದ್ದಕ್ಕೂ ಅದಕ್ಕೂ ಸಂಬಂಧ ಕಟ್ಟೋದೂ ಬೇಡ, ಸೋಲು ಅವರಿಗೆ ನಿತ್ಯದ ಊಟ.

ಮೀನಗಡಿ

ಅವರು ಹೋದ ಮೇಲೆ ಪಕ್ಷ ಏನಾಯ್ತು?

ಲೀಡ್ಸ್‌ವಾಸಿ

ನಡೆಯುತ್ತಲೇ ಇದೆ. 1999ರಲ್ಲಿ ನಾಯಕತ್ವಕ್ಕೆ ಚುನಾವಣೆ ಮಾಡಿದಾಗ ಅಲನ್ ಹೋಪ್ ಎಂಬವರಿಗೂ ಅವರ ಬೆಕ್ಕಿಗೂ ಸಮ ವೋಟು ಬಿದ್ದವು, ಇಬ್ಬರೂ ಜಂಟಿ ನಾಯಕರಾದರು. ಬೆಕ್ಕಿನ ಹೆಸರು ಕ್ಯಾಟ್‌ಮ್ಯಾಂಡು. 2002ರಲ್ಲಿ ಕಾರಿಗೆ ಸಿಕ್ಕಿ ಸತ್ತಿತು. ಹೋಪ್ ಮಾತ್ರ ಗೆದ್ದವರು: 1987ರಲ್ಲೇ ಡೆವನ್‌ನ ಆಶ್‌ಬರ್ಟನ್ ಪುರಸಭೆಗೆ ಅವಿರೋಧವಾಗಿ ಆಯ್ಕೆಯಾಗಿ, ಮುಂದೆ ಆ ಊರ ಮೇಯರ್ ಕೂಡ ಆದರು.

ಈಗ ಸಚ್ ಜಾಗದಲ್ಲಿ ಟಿವಿಗೆ ಕಾಣೋದು ಇನ್ನೊಬ್ಬರು, ಕೌಂಟ್ ಬಿನ್‌ಫೇಸ್. ತಲೆ ಮೇಲೆ ಕಸದ ಬುಟ್ಟಿ. ಲೂನಿ ಪಕ್ಷದವರಲ್ಲ, ಸ್ವಂತ ಅಂಗಡಿ. 2024ರ ಮೇನಲ್ಲಿ ಲಂಡನ್ ಮೇಯರ್ ಚುನಾವಣೆಗೆ ನಿಂತು 24,260 ವೋಟು ತಗೊಂಡರು. ವಲಸಿಗರನ್ನು ಓಡಿಸಿ ಅನ್ನುವ 'ಬ್ರಿಟನ್ ಫಸ್ಟ್' ಪಕ್ಷಕ್ಕೆ ಬಿದ್ದದ್ದು 20,519. ಶೆಟ್ರೇ, ಇದೂ ಸಣ್ಣ ಪಕ್ಷವೇ, ಆದರೆ ಇದು ಕಸದ ಬುಟ್ಟಿ ಹಿಂದೆ ಬಿದ್ದದ್ದಕ್ಕೆ ನನಗೇನೂ ಬೇಜಾರಿಲ್ಲ. ಇಲ್ಲಿ ದುಡಿಯುವ ನಮ್ಮಂಥವರಿಗೆ ಆ ರಾತ್ರಿ ಒಂದು ಸಣ್ಣ ಸಮಾಧಾನ.

ಆ ವರ್ಷ ಜುಲೈನಲ್ಲಿ ರಿಷಿ ಸುನಕ್ ಪ್ರಧಾನಿ ಹುದ್ದೆ ಕಳಕೊಂಡ ರಾತ್ರಿ, ತಮ್ಮ ಕ್ಷೇತ್ರದ ವೇದಿಕೆ ಮೇಲೆ ಸೋಲೊಪ್ಪಿಕೊಳ್ಳುವ ಭಾಷಣ ಮಾಡುವಾಗಲೂ ಬುಟ್ಟಿಯವರು ಅಲ್ಲೇ ಇದ್ದರು. 308 ವೋಟು.

ಗಡಿನಾಡ ಗಿರಿ

ಅದು ಖರೇ ಚಲೋ ಪದ್ಧತಿ ನೋಡ್ರಿ. ನಮ್ಮಲ್ಲಿ ಎಣಿಕಿ ಮುಗಿಯೂದರೊಳಗ ಸೋತವ ಹಿಂದಿನ ಬಾಗಲದಾಗ ಹೋಗಿರ್ತಾನ, ಗೆದ್ದವ ಸರ್ಟಿಫಿಕೇಟ್ ತಗೊಂಡು ಹೊರಗ ಗುಲಾಲ್ ಆಡ್ತಿರ್ತಾನ. ಒಬ್ಬರ ಮುಖ ಒಬ್ಬರು ನೋಡೂದಿಲ್ಲ. 456 ಮಂದಿನ್ನ ನಿಲ್ಲಸೂ ವೇದಿಕಿ ಎಲ್ಲಿ ಕಟ್ತೀರಿ ಅಂತ ಮಾತ್ರ ಕೇಳಬ್ಯಾಡ್ರಿ.

ಬೆಣ್ಣೆದೋಸೆ

ಲೀಡ್ಸ್‌ವಾಸಿ, ಮುಖ್ಯ ವಿಷಯಕ್ಕೆ ಬನ್ನಿ. ವೋಟು ಹಾಕಬಹುದು ಅಂದಿರಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ನಿಲ್ಲಲೂಬಹುದಾ?

ಲೀಡ್ಸ್‌ವಾಸಿ

ಕಾಯಂ ವಾಸದ ಪರವಾನಗಿ ಸಿಕ್ಕಿದ್ದರೆ ಪಾರ್ಲಿಮೆಂಟಿಗೂ ನಿಲ್ಲಬಹುದು. ಹತ್ತು ಮತದಾರರ ಸಹಿ, 500 ಪೌಂಡ್ ಠೇವಣಿ, 1985ರಿಂದ ಅದೇ ಮೊತ್ತ. ಸ್ಥಳೀಯ ಕೌನ್ಸಿಲ್‌ಗಾದರೆ ಠೇವಣಿಯೇ ಇಲ್ಲ, ಇಬ್ಬರ ಸಹಿ ಸಾಕು.

ಬೆಣ್ಣೆದೋಸೆ

ಇಬ್ಬರೇನಾ? ನಿಮ್ಮ ಮನೆಯವರು ಒಬ್ಬರು. ಇನ್ನೊಬ್ಬರನ್ನು ಕನ್ನಡ ಸಂಘದಲ್ಲಿ ಹುಡುಕಿ, ಅಲ್ಲಿ ಎರಡು ಬಣ ಇರುತ್ತೆ ಅನ್ನೋದು ನೆನಪಿರಲಿ.

ಶೆಟ್ರು, ಶಿವಮೊಗ್ಗ

ನಿಲ್ಲೋದಾದರೆ ರಸ್ತೆ ಗುಂಡಿ, ಕಸ, ಬಸ್ಸು ಅಂತ ಏನಾದರೂ ಹಿಡಿದು ನಿಲ್ಲಿ. ಕರಪತ್ರ ಬರೆದುಕೊಡೋಕೆ ನಾನು ರೆಡಿ, ಟೊಪ್ಪಿ ಮಾತ್ರ ಹಾಕಬೇಡಿ.